ಮಿಠಾಯಿ ಬೇಡುವ ವಯಸ್ಸು

ಅಕ್ಟೋಬರ್ ೩೧ರ ಸಂಜೆ, ಹ್ಯಾಲೋವೀನ್ ಹಬ್ಬದಂದು, ಅಮೇರಿಕದ ಮಕ್ಕಳು ಭೂತಪ್ರೇತಗಳ ವೇಷ ಧರಿಸಿ ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುವುದು ವಾಚಕರಿಗೆ ತಿಳಿದ ವಿಷಯ. ಆದರೆ ಈ ತಿರುಗಾಟವು ಎಷ್ಟನೆಯ ವಯಸ್ಸಿನವರೆಗೆ ಒಪ್ಪುವುದು?

ವರ್ಜೀನಿಯಾ ರಾಜ್ಯದ ಚೆಸಪೀಕ್ ನಗರವು ೧೯೭೦ರಲ್ಲಿ ಇದಕ್ಕೊಂದು ಕಾನೂನನ್ನೇ ಮಾಡಿತು. ೧೨ ವರ್ಷ ಮೀರಿದವರು ಬೇಡ ಹೊರಟರೆ ದಂಡ, ಇಲ್ಲವೆ ೬ ತಿಂಗಳವರೆಗೆ ಸೆರೆಮನೆ! ೨೦೧೯ರಲ್ಲಿ ನಗರಸಭೆಯು ವಯಸ್ಸನ್ನು ೧೪ಕ್ಕೇರಿಸಿ, ಸೆರೆವಾಸದ ಮಾತನ್ನು ಕೈಬಿಟ್ಟಿತು. ಕೆನಡಾದ ಬ್ಯಾಥರ್ಸ್ಟ್ ನಗರವು ೨೦೧೭ರಲ್ಲಿ ಮಿತಿಯನ್ನು ೧೬ ಎಂದು ಗೊತ್ತುಮಾಡಿತು.

ನಾವಾದರೋ ೧೨ರ ಪ್ರಾಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಕಪ್ಪುಬಸಿ ತೊಳೆಯುತ್ತ, ಇರುಳು ರಾತ್ರಿಶಾಲೆಗೆ ಹೋಗುತ್ತಿದ್ದವರು. ನಮ್ಮ ಬಾಲ್ಯ ಮುಗಿಯಿತೆಂದು ಯಾವ ನಗರಸಭೆಯೂ ಠರಾವು ಮಾಡಬೇಕಾಗಲಿಲ್ಲ. ಮುಂದೆ ಗಲ್ಲಾದಲ್ಲಿ ಕುಳಿತ ಮೇಲೆ ಕಂಡದ್ದುಂಟು: ಮೀಸೆ ಚಿಗುರಿದ ಹುಡುಗರೂ ಭರಣಿಯ ಪೆಪ್ಪರಮಿಂಟಿನತ್ತ ನೋಡಿ, ಕೇಳಲಾರದೆ ನಾಚಿ ನಿಲ್ಲುವರು. ಮೈ ಬೆಳೆದಷ್ಟು ಬೇಗ ನಾಲಗೆ ಬೆಳೆಯದು.

ಚಿಕ್ಕವರನ್ನು ಹೆದರಿಸಿ ಚೀಲ ಕಸಿಯುವ ಪುಂಡರ ಮಾತು ಬೇರೆ; ಅವರನ್ನು ಪೊಲೀಸರು ನೋಡಿಕೊಳ್ಳಲಿ. ಆಸೆಪಟ್ಟು ವೇಷ ಕಟ್ಟಿಕೊಂಡು ಬಂದ ೧೫ರ ಹುಡುಗನಿಗೆ ಒಂದು ಮಿಠಾಯಿ ಕೊಡಲು ಜಾತಕ ಕೇಳಬೇಕೆ? ನಾವಾಗಿದ್ದರೆ ಎರಡು ಕೊಡುತ್ತಿದ್ದೆವು.