ಕ್ರಿಸ್ಟಿನ್ ಕೋಣೆ ತಲುಪಲೇ ಇಲ್ಲ

1996ರ ಮೇ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ. ಪಾರ್ಟಿ ಮುಗಿಸಿ ಹಾಸ್ಟೆಲಿಗೆ ಹೊರಟ 19ರ ಕ್ರಿಸ್ಟಿನ್ ಸ್ಮಾರ್ಟ್ ಕಾಣೆಯಾದಳು. ಜೊತೆಗೆ ನಡೆದುಬಂದ ವಿದ್ಯಾರ್ಥಿ ಪಾಲ್ ಫ್ಲೋರೆಸ್ ಮೇಲೆ ಮೊದಲಿಂದಲೂ ಅನುಮಾನ. ಆದರೂ ವರ್ಷಗಟ್ಟಲೆ ಕೊಲೆ ಆರೋಪದಲ್ಲಿ ಬಂಧನ ಆಗಲಿಲ್ಲ.

2019ರಲ್ಲಿ ಈ ಪ್ರಕರಣದ ಬಗ್ಗೆ ‘ಯುವರ್ ಓನ್ ಬ್ಯಾಕ್‌ಯಾರ್ಡ್’ ಪಾಡ್‌ಕಾಸ್ಟ್ ಶುರುವಾಯಿತು. ಮಾಡಿದವರು ಕ್ರಿಸ್ ಲ್ಯಾಂಬರ್ಟ್, ಸಂಗೀತಗಾರ. ಕ್ರಿಸ್ಟಿನ್ ಫೋಟೊ ಇದ್ದ ದಾರಿಬದಿಯ ಫಲಕ ನೋಡುತ್ತ ಬೆಳೆದವರು. ಅವರ ನಿಜವಾದ ಸಾಧನೆ ಯಾವುದು ಗೊತ್ತಾ? ಕ್ರಿಸ್ಟಿನ್ ಮನೆಯವರ ನಂಬಿಕೆ ಗಳಿಸಿದ್ದು. ಅಷ್ಟು ವರ್ಷ ಸುಮ್ಮನಿದ್ದವರೂ ಮುಂದೆ ಬಂದು ಮಾತಾಡಿದರು.

2021ರಲ್ಲಿ ಫ್ಲೋರೆಸ್ ಬಂಧನ, 2022ರಲ್ಲಿ ಕೊಲೆ ಸಾಬೀತು. ತೀರ್ಪು ಬಂದಾಗಲೂ ಆ ತಂದೆತಾಯಿಗೆ ಮಗಳ ದೇಹ ಸಿಕ್ಕಿರಲಿಲ್ಲ. ಅವರ ನೋವು ನಮಗೆ ಮನರಂಜನೆ ಆಗಬಾರದು.

ಕಾಣೆಯಾದವರ ಬಗ್ಗೆ ನಿಮಗೇನಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ಊಹೆ ಬರೆಯಬೇಡಿ. ದಯವಿಟ್ಟು ಪೊಲೀಸರಿಗೆ ಹೇಳಿ.