ಪಕ್ಕವಾದ್ಯದವರಿಗೂ ಹೆಸರುಂಟು

ಪಿಯಾನೋ, ಡಬಲ್ ಬಾಸ್, ಡ್ರಮ್ಸ್: ಜಾಝ್ ಸಂಗೀತದಲ್ಲಿ ಈ ಮೂವರ ಕೂಟಕ್ಕೆ ‘ಪಿಯಾನೋ ಟ್ರಯೋ’ ಎನ್ನುತ್ತಾರೆ. ಬಹುಕಾಲ ಅಲ್ಲಿ ಪಿಯಾನೋ ವಾದಕನೇ ಯಜಮಾನ. ಉಳಿದಿಬ್ಬರದು ಲಯ ಕಾಯುವ ಕೆಲಸ. ಈ ಪದ್ಧತಿಯನ್ನು ಸಡಿಲಿಸಿದವರಲ್ಲಿ ಬಿಲ್ ಇವಾನ್ಸ್ ಪ್ರಮುಖರು. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಧ್ವನಿಮುದ್ರಣಗೊಂಡ ಅವರ ಕಛೇರಿಯಲ್ಲಿ ಬಾಸ್‌ನ ಸ್ಕಾಟ್ ಲಫಾರೊ, ಡ್ರಮ್ಸ್‌ನ ಪಾಲ್ ಮೋಷನ್ ಕೇವಲ ಹಿಂಬಾಲಿಸುವುದಿಲ್ಲ, ಸಂವಾದಕ್ಕಿಳಿಯುತ್ತಾರೆ. ಹನ್ನೊಂದು ದಿನಗಳ ಬಳಿಕ, 25ರ ಹರೆಯದ ಲಫಾರೊ ರಸ್ತೆ ಅಪಘಾತದಲ್ಲಿ ಅಸುನೀಗಿದರು. ಆ ಕಛೇರಿಯ ಮೊದಲ ಆಲ್ಬಮ್ ಲಫಾರೊ ಅವರ ರಚನೆಯಿಂದ ಆರಂಭವಾಗಿ ಅವರದೇ ರಚನೆಯಿಂದ ಮುಗಿಯುತ್ತದೆ. ಮುಖಪುಟದಲ್ಲಿಯೂ ಅವರ ಹೆಸರಿದೆ.

ಇಂಥ ಸಮಾನತೆಗೆ ನಮ್ಮ ನಾಡಿನಲ್ಲಿಯೂ ನಿದರ್ಶನವುಂಟು. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಜರ್ಮನಿಯ ಇಸಿಎಂ ಸಂಸ್ಥೆಗಾಗಿ ‘ಜ್ಯೋತಿ’ ಎಂಬ ಆಲ್ಬಮ್ ನುಡಿಸಿದರು. ಅದರಲ್ಲಿ ಪಿಯಾನೋ ಇಲ್ಲ. ಆರ್.ಎ. ರಾಮಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ, ಟಿ.ಎನ್. ಶಶಿಕುಮಾರರ ಖಂಜಿರ ಇವೆ. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ನ ಹೆಸರು ಮರಿಯಾನೊ ಹೆಸರಿನ ಜೊತೆಯಲ್ಲೇ ಮುದ್ರಿತವಾಗಿದೆ. ಪಕ್ಕವಾದ್ಯವೆನಿಸಿಕೊಂಡವರು ಅಲ್ಲಿ ಸಹಭಾಗಿಗಳು.

ಗಂಗೂಬಾಯಿ ಹಾನಗಲ್ ಅವರು ಬಾಳಿದ ಹುಬ್ಬಳ್ಳಿಗೆ ಸಂಗೀತದ ಮರ್ಯಾದೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ದುರ್ಗದಬೈಲಿನ ಸಂತೆಯ ಗದ್ದಲದ ನಡುವೆ ಗೋಡೆಗಂಟಿದ ಕಛೇರಿಗಳ ಭಿತ್ತಿಪತ್ರಗಳನ್ನು ಓದುವಾಗ ನನಗೆ ಒಂದು ಕೊರತೆ ಕಾಣುತ್ತದೆ. ಗಾಯಕರ ಭಾವಚಿತ್ರ ದೊಡ್ಡದು, ಪ್ರಾಯೋಜಕರ ಹೆಸರು ಅದಕ್ಕಿಂತ ತುಸು ಚಿಕ್ಕದು; ತಬಲಾ, ಹಾರ್ಮೋನಿಯಂ ನುಡಿಸುವವರ ಹೆಸರು ಎಲ್ಲಕ್ಕಿಂತ ಕೆಳಗೆ. ಕೆಲವೊಮ್ಮೆ ಅದೂ ಇರುವುದಿಲ್ಲ.

ಖಯಾಲ್ ಗಾಯನದಲ್ಲಿ ತಬಲಾ ಸಂಯಮದಿಂದಿರಬೇಕು, ನಿಜ. ವಿಲಂಬಿತ ಏಕತಾಲದ ಠೇಕಾವನ್ನು ಅಲುಗದಂತೆ ಹಿಡಿದು ನಿಲ್ಲಿಸುವುದೇ ಒಂದು ತಪಸ್ಸು. ಅಲ್ಲಿ ಸ್ವತಂತ್ರ ವಾದನ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕಲೆಯ ಸಂಯಮವನ್ನು ಕಲಾವಿದನ ಕೀಳುಸ್ಥಾನವೆಂದು ಭಾವಿಸುವುದು ತರವಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕೂಡಿ ಉತ್ಪಾದಿಸಿದ್ದನ್ನು ಒಬ್ಬರ ಖಾತೆಗೇ ಜಮಾ ಮಾಡಲಾಗದು.

ಸಂಘಟಕರು ಮಾಡಬೇಕಾದದ್ದು ಹೆಚ್ಚೇನಿಲ್ಲ: ಆಮಂತ್ರಣದಲ್ಲಿ ಎಲ್ಲರ ಹೆಸರು, ವೇದಿಕೆಯಲ್ಲಿ ಸಮಾನ ಗೌರವ, ಮೊದಲೇ ಗೊತ್ತುಪಡಿಸಿದ ನ್ಯಾಯವಾದ ಸಂಭಾವನೆ. ಇವಿಲ್ಲದಿದ್ದರೆ ನಾಳೆ ತಬಲಾ ಕಲಿಯಲು ಯಾವ ತಾಯಿ ತನ್ನ ಮಗನನ್ನು ಕಳಿಸಿಯಾಳು?