‘ನಿಮಗೇನಮ್ಮ, ಗೌರ್ಮೆಂಟ್ ಸಂಬಳ!’

ಬೆಂಗಳೂರಿನ ಆರ್.ಟಿ. ನಗರದ ದಿಣ್ಣೂರು ಮುಖ್ಯರಸ್ತೆಯ ಆಚೀಚೆಯ ಯಾವ ಅಡ್ಡರಸ್ತೆಯಲ್ಲೇ ಆಗಲಿ, ಆಶಾ ಕಾರ್ಯಕರ್ತೆ ಗೇಟು ತಟ್ಟಿದರೆ ಈ ಮಾತು ಗ್ಯಾರಂಟಿ: ‘ನಿಮಗೇನಮ್ಮ, ಗೌರ್ಮೆಂಟ್ ಸಂಬಳ ಬರುತ್ತೆ, ಬರ್ತೀರ.’ ಹೇಳುವವರು ಓದಿದವರೇ. ಯಾರು ಹೇಳಿದರು ಅಂತ ಕೇಳಿದರೆ ‘ಎಲ್ಲರಿಗೂ ಗೊತ್ತಲ್ಲ’ ಅನ್ನುತ್ತಾರೆ.

ಎಲ್ಲರಿಗೂ ಗೊತ್ತಿರುವುದು ಸುಳ್ಳು. ಗುಲಾಬಿ ಸೀರೆಯ ಈ ಹೆಂಗಸು ಸರ್ಕಾರದ ಲೆಕ್ಕದಲ್ಲಿ ನೌಕರಳೇ ಅಲ್ಲ, ಸ್ವಯಂಸೇವಕಿ. 2005ರಲ್ಲಿ ಹಳ್ಳಿಗಳಿಗೆಂದು ಶುರುವಾದ ವ್ಯವಸ್ಥೆ 2013ರ ನಂತರ ನಗರಕ್ಕೂ ಬಂತು, ಸಂಬಳ ಮಾತ್ರ ಬರಲಿಲ್ಲ. ಸಿಗುವುದು ರಾಜ್ಯದ ಗೌರವಧನ, ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ. ಜನನಿ ಸುರಕ್ಷಾ ಯೋಜನೆಯಲ್ಲಿ ನಗರದ ಒಂದು ಹೆರಿಗೆಗೆ ಆಕೆಯ ಪಾಲು 400 ರೂಪಾಯಿ: ಗರ್ಭಿಣಿಗೆ ತಪಾಸಣೆಗಳನ್ನು ಮಾಡಿಸಿದ್ದಕ್ಕೆ 200, ಆಸ್ಪತ್ರೆಯಲ್ಲಿ ಹೆರಿಗೆ ಆಗುವಂತೆ ನೋಡಿಕೊಂಡಿದ್ದಕ್ಕೆ 200. ಆಮೇಲೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಮನೆಗೆ ಬಂದು ಕೂಸನ್ನು ತೂಗಿ, ಮೈ ಬಿಸಿ ನೋಡಿ, ಹಾಲು ಕುಡಿಯುತ್ತಿದೆಯೇ ವಿಚಾರಿಸಬೇಕು. ಆರೂ ಭೇಟಿಗೆ ಸೇರಿ 250. ತಿಂಗಳ ಕೊನೆಗೆ ಇವೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗದಿದ್ದರೆ ಅದಕ್ಕೂ ಕತ್ತರಿ ಎಂಬುದು ಆಶಾಗಳ ಹಳೆಯ ದೂರು.

ಸಂಬಳ ಬರುತ್ತಿದ್ದರೆ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಯಾಕೆ ಧರಣಿ ಕೂರುತ್ತಿದ್ದರು? ಗೌರವಧನ ಆಗ 5,000 ರೂಪಾಯಿ. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಖಾತರಿ ಎಂಬ ಭರವಸೆ ಸಿಕ್ಕಿ ಎದ್ದರು. ಅದು ಜಾರಿಯಾಗಲಿಲ್ಲವೆಂದು ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಧರಣಿ.

ಇನ್ನು ಉಳಿದ ತಪ್ಪು ನಂಬಿಕೆಗಳು. ಆಶಾ ಹೆರಿಗೆ ಮಾಡಿಸುತ್ತಾಳೆ ಎನ್ನುವುದು ಸುಳ್ಳು. ಅದು ಡಾಕ್ಟರು, ನರ್ಸುಗಳ ಕೆಲಸ. ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ತಾಯಿ ಕಾರ್ಡ್, ಅಂದರೆ ತಾಯಿ-ಮಗುವಿನ ತಪಾಸಣೆಗಳನ್ನು ಬರೆದಿಡುವ ಕಾರ್ಡ್, ಬೇಡ ಎಂಬುದೂ ಸರಿಯಲ್ಲ.

ನಮ್ಮ ಜನ ನಂಬುವ ರೀತಿಯೇ ವಿಚಿತ್ರ. ತರಬೇತಿ ಪಡೆದ ಈಕೆ ‘ಹುಟ್ಟಿದ ಗಂಟೆಯೊಳಗೆ ಎದೆಹಾಲು ಕೊಡಿ’ ಎಂದರೆ ಮುಖ ಸಿಂಡರಿಸುತ್ತಾರೆ. ಪಕ್ಕದ ಮನೆ ಆಂಟಿ ‘ನಾಲಿಗೆಗೆ ಒಂದು ತೊಟ್ಟು ಜೇನು ಸವರಿ’ ಎಂದರೆ ಸಾಕು, ಬಾಟಲಿ ಹುಡುಕಲು ಮನೆಮಂದಿಯೆಲ್ಲ ಏಳುತ್ತಾರೆ. ವರ್ಷ ತುಂಬದ ಮಗುವಿಗೆ ಜೇನು ಅಪಾಯ. ಬಾಣಂತಿಗೆ ನೀರು ಕೊಟ್ಟರೆ ಶೀತವಂತೆ! ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು. ‘ಅವಳಿಗೇನು ಗೊತ್ತು, ಸಂಬಳಕ್ಕೆ ಬರ್ತಾಳೆ’ ಎನ್ನುವ ಅಸಡ್ಡೆಯೇ ಇದರ ಬುಡ.

ಮುಂದಿನ ಸಲ ಆಕೆ ಬಂದಾಗ ಗೇಟಿನಲ್ಲೇ ನಿಲ್ಲಿಸಬೇಡಿ. ಒಳಗೆ ಕರೆದು ಕೂರಿಸಿ, ತಾಯಿ ಕಾರ್ಡ್ ಕೈಗೆ ಕೊಡಿ, ಕೂಸನ್ನು ತೂಗಲು ಬಿಡಿ.